ತಕ್ಕಡಿ ಬರೆಯದೆ ಬಿಟ್ಟ ಸಾಲು

ಬೇಕರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತಕ್ಕಡಿ ಎಂದೇ. ಆ ಹೆಸರಿಟ್ಟವನು ಒಲೆಯ ಮುಂದೆ ಮೂವತ್ತು ವರ್ಷ ನಿಂತು ಹುಬ್ಬಿನ ಕೂದಲೆಲ್ಲ ಸುಟ್ಟುಕೊಂಡಿದ್ದ ಮುದುಕ ಮೇಸ್ತ್ರಿ. ಬೈಗುಳವಾಗಿ ಹುಟ್ಟಿದ ಹೆಸರು ಅದು. ದಿನ ಕಳೆದಂತೆ ಬೈಗುಳ ಸವೆದುಹೋಯಿತು, ಹೆಸರು ಉಳಿಯಿತು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಬೇಕರಿಯ ಹಿಂದಿನ ಕೋಣೆಗೆ ತಟ್ಟೆ ತೊಳೆಯಲು ಸೇರಿದಾಗ ಅಲ್ಲಿ ತೂಕದ ಯಂತ್ರ ಇರಲಿಲ್ಲವೆಂದಲ್ಲ. ಇತ್ತು. ಅದರ ಮೇಲೆ ಮೇಸ್ತ್ರಿಯ ಊಟದ ಡಬ್ಬಿ ಕೂತಿರುತ್ತಿತ್ತು. ಅವನ ಅಳತೆಯೆಲ್ಲ ಬಾಯಿ ನೆಗ್ಗಿದ ಒಂದು ಅಲ್ಯೂಮಿನಿಯಂ ಮಗ್ಗಿನಲ್ಲಿ. ಎರಡು ಮಗ್ ಮೈದಾ, ಒಂದು ಮಗ್ ಸಕ್ಕರೆ, ಮುಕ್ಕಾಲು ಮಗ್ ಕೋಕೋ. ಒಂದು ದಿನ ಕೇಕು ಹತ್ತಿಯಂತೆ ಅರಳಿ ಬರುತ್ತಿತ್ತು, ಮರುದಿನ ಅದೇ ಕೇಕಿನಿಂದ ಮೊಳೆ ಹೊಡೆಯಬಹುದಿತ್ತು. ಮಾಲೀಕ ಒಲೆಯನ್ನು ಬೈಯುತ್ತಿದ್ದ, ಹವೆಯನ್ನು ಬೈಯುತ್ತಿದ್ದ, ಕೋಳಿಗಳನ್ನು ಕೂಡ ಬೈಯುತ್ತಿದ್ದ. ಮೇಸ್ತ್ರಿಯನ್ನು ಬೈಯುವ ಧೈರ್ಯ ಅವನಿಗಿರಲಿಲ್ಲ.

ಅವಳ ಅಪ್ಪ ಧಾನ್ಯದ ಮಂಡಿಯಲ್ಲಿ ತೂಕ ಮಾಡುವವನು. ಮಗಳಿಗೆ ಅವನು ಬಿಟ್ಟುಹೋದ ಆಸ್ತಿ ಒಂದೇ ಮಾತು: "ಕಣ್ಣು ಸುಳ್ಳು ಹೇಳುತ್ತೆ, ಕೈ ಅದಕ್ಕೆ ಸಾಕ್ಷಿ ನಿಲ್ಲುತ್ತೆ. ಇಬ್ಬರನ್ನೂ ನಂಬಬೇಡ." ಆರು ತಿಂಗಳು ತಟ್ಟೆ ತೊಳೆಯುತ್ತಲೇ ಮಗ್ಗನ್ನು ನೋಡಿದ ಮೇಲೆ ಒಂದು ಬೆಳಿಗ್ಗೆ ಅವಳು ಊಟದ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಮೇಸ್ತ್ರಿ, ಹಿಟ್ಟು ಸುರಿಯೋಕೆ ಮುಂಚೆ ಒಂದ್ಸಲ ಇಲ್ಲಿಡ್ತೀರಾ?"

"ಯಾಕಮ್ಮ? ನನ್ನ ಕೈ ಮೇಲೆ ಪೊಲೀಸ್ ಇಡ್ತಿದ್ದೀಯಾ?"

"ನಿಮ್ಮ ಕೈ ಮೇಲಲ್ಲ. ಮಗ್ ಮೇಲೆ."

ಒಂದು ವರ್ಷ, ಪ್ರತಿ ಮಗ್ಗನ್ನೂ ತೂಗಿ ಬರೆದಳು. ಬೆಳಿಗ್ಗೆ ಬಂದ ಹೊಸದರಲ್ಲಿ ಮೇಸ್ತ್ರಿ ಹಿಟ್ಟನ್ನು ಮೇಲುಮೇಲಿನಿಂದ ಹಗುರಾಗಿ ಎತ್ತಿ ತುಂಬಿದರೆ ಒಂದು ಮಗ್ಗಿಗೆ ಮುನ್ನೂರ ಹತ್ತು ಗ್ರಾಂ. ಚಹಾ ಕುಡಿದ ಮೇಲೆ ಮುನ್ನೂರ ನಲವತ್ತು. ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ಅವನು ಮಗ್ಗನ್ನು ಚೀಲಕ್ಕೆ ಚೂರಿಯಂತೆ ಇರಿದು, ಮೇಜಿಗೆ ಕುಟ್ಟಿ ತುಂಬುತ್ತಿದ್ದ. ಆ ದಿನ ಮುನ್ನೂರ ತೊಂಬತ್ತು. ಮಗ್ಗು ಅದೇ, ಹಿಟ್ಟು ಅದೇ, ಮನುಷ್ಯನೂ ಅವನೇ. ಚೀಲದ ತಳದ ಹಿಟ್ಟು ಅಮುಕಿಕೊಂಡು ಭಾರವಾಗಿರುತ್ತದೆ, ಜರಡಿ ಹಿಡಿದದ್ದು ಗಾಳಿ ತುಂಬಿಕೊಂಡು ಹಗುರಾಗುತ್ತದೆ. ಹರಳು ಸಕ್ಕರೆ ಮಾತ್ರ ಹೇಗೆ ತುಂಬಿದರೂ ಐನೂರರ ಆಸುಪಾಸು. ಕಂದು ಸಕ್ಕರೆ ಎಲ್ಲಕ್ಕಿಂತ ದೊಡ್ಡ ಕಳ್ಳ: ಒತ್ತಿದರೆ ಒಂದು ತೂಕ, ಸಡಿಲ ಬಿಟ್ಟರೆ ಇನ್ನೊಂದು.

ವರ್ಷದ ಕೊನೆಗೆ ಪುಸ್ತಕ ತೆಗೆದು ಎಲ್ಲರ ಮುಂದೆ ಓದಿದಳು. ಮುನ್ನೂರ ತೊಂಬತ್ತರ ತಾರೀಖುಗಳನ್ನು ಕೇಳಿದ ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲಯ್ಯಾ ಮೇಸ್ತ್ರಿ, ನಿಮ್ಮನೆ ಸುದ್ದಿಯೆಲ್ಲ ನಮ್ಮ ಕೇಕಲ್ಲಿ ಸಿಗ್ತಾ ಇತ್ತಲ್ಲಯ್ಯಾ!" ಮೇಸ್ತ್ರಿ ಎಲ್ಲರಿಗಿಂತ ಕೊನೆಗೆ ನಕ್ಕ. "ನೀನು ಹೆಣ್ಣಲ್ಲ ಕಣೇ, ತಕ್ಕಡಿ," ಎಂದ. ಮರುದಿನದಿಂದ ಊಟದ ಡಬ್ಬಿ ಕಿಟಕಿಗೆ ಹೋಯಿತು.

ಆಮೇಲಿನ ವರ್ಷಗಳಲ್ಲಿ ಅವಳು ಮೇಸ್ತ್ರಿಯ ಕೈಯಲ್ಲಿದ್ದ ನಲವತ್ತೊಂದು ತಿನಿಸುಗಳನ್ನು ಒಂದೊಂದಾಗಿ ಮಗ್ಗಿನಿಂದ ಇಳಿಸಿ ಗ್ರಾಮಿಗೆ ತಂದಳು. ಒಂದೊಂದಕ್ಕೂ ಹತ್ತು ಹದಿನೈದು ಸಲ ಮಾಡಿ, ಕೆಡಿಸಿ, ತಿಂದು, ಮತ್ತೆ ಮಾಡಿ. ನೀಲಿ ರಟ್ಟಿನ ಆ ಪುಸ್ತಕದಲ್ಲಿ ಅಂಕಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆದರೆ ಪುಟ ತಿರುಗಿಸಿದರೆ ಬೆಣ್ಣೆಯ ಜಿಡ್ಡಿನ ಹಿಂದಿನಿಂದ ಅವಳ ಇಪ್ಪತ್ತರ, ಮೂವತ್ತರ ಪ್ರಾಯ ಮಸುಕಾಗಿ ಕಾಣುತ್ತಿತ್ತು. ಮೇಸ್ತ್ರಿ ಕಣ್ಮುಚ್ಚಿದ ಮೇಲೆ ಮಗ್ಗು ಗಿಡಕ್ಕೆ ನೀರು ಹಾಕಲು ಹೋಯಿತು. ಹಿಂದಿನ ಕೋಣೆ ತಕ್ಕಡಿಯದಾಯಿತು.

ನಾದಿನಿ ಬಂದದ್ದು ಆ ಕಾಲದಲ್ಲಿ. ಗಂಡನ ತಂಗಿ, ಇವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿಹೋಗಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. "ಸುಮ್ನೆ ಗೋಡೆ ನೋಡೋ ಬದಲು ನನ್ನ ಜೊತೆ ಬಾ," ಎಂದು ತಕ್ಕಡಿಯೇ ಕರೆದುಕೊಂಡು ಹೋದಳು. ಮೂರು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದಳು. ಹುಡುಗಿ ಚುರುಕು. ಯಂತ್ರದ ಮೇಲೆ ಪಾತ್ರೆ ಇಟ್ಟು, ಅಂಕಿ ಬರುವವರೆಗೆ ಹಿಟ್ಟು ಸುರಿದು, ಸರಿಯಾಗಿ ನಿಲ್ಲಿಸುತ್ತಿದ್ದಳು. ಮಗ್ಗಿನ ಕಾಲ ಅವಳು ಕಂಡವಳಲ್ಲ. "ಅತ್ತಿಗೆ, ನೀವಿಲ್ದಿದ್ರೆ ನಾನು ಏನಾಗ್ತಿದ್ನೋ," ಎನ್ನುತ್ತಿದ್ದಳು. ಆ ಮಾತನ್ನು ಹೇಳುವಾಗ ಕಣ್ಣಲ್ಲಿ ನೀರೂ ತರುತ್ತಿದ್ದಳು, ಪುಣ್ಯಾತ್ಗಿತ್ತಿ.

ನಾಲ್ಕನೆಯ ವರ್ಷ ತಕ್ಕಡಿ ಕಾಮಾಲೆ ಬಂದು ಒಂದೂವರೆ ತಿಂಗಳು ಹಾಸಿಗೆ ಹಿಡಿದಳು. ನೀಲಿ ಪುಸ್ತಕ ನಾದಿನಿಯ ಕೈಗೆ ಹೋಯಿತು, ಕೆಲಸ ನಡೆಯಬೇಕಲ್ಲ. ತಕ್ಕಡಿ ಎದ್ದು ಬೇಕರಿಗೆ ಬರುವಷ್ಟರಲ್ಲಿ ನಾದಿನಿ ಕೆಲಸ ಬಿಟ್ಟಿದ್ದಳು. ಪುಸ್ತಕ ಕಪಾಟಿನಲ್ಲಿ ಭದ್ರವಾಗಿತ್ತು. ಅದರ ಹಾಳೆಗಳ ನಡುವೆ ಜೆರಾಕ್ಸ್ ಅಂಗಡಿಯ ಒಂದು ಚೀಟಿ.

ಮೂರು ಬೀದಿ ಆಚೆ, ತನ್ನ ಮನೆಯ ಮುಂದಿನ ಕೋಣೆಯಲ್ಲಿ ನಾದಿನಿ ಕೇಕ್ ಕ್ಲಾಸ್ ಶುರುಮಾಡಿದಳು. ತಕ್ಕಡಿ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. "ಹೊಟ್ಟೆಪಾಡು. ಕಲಿತದ್ದನ್ನ ನಾಲ್ಕು ಜನಕ್ಕೆ ಹೇಳ್ಕೊಟ್ರೆ ನಂದೇನು ಸವೆದುಹೋಗುತ್ತೆ?" ಎಂದು ಗಂಡನ ಮುಂದೆ ಹೇಳಿದಳು. ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರೆ ಲೋಕದ ಉಳಿದ ಭಾಗ ಅವನಿಗೆ ಬೇಡ. "ಹೂಂ," ಎಂದ.

ನುಂಗಲಾಗದ್ದು ಬಂದದ್ದು ಹಳೆ ಪೇಪರಿನ ಕಟ್ಟಿನಲ್ಲಿ. ತಟ್ಟೆಗಳಿಗೆ ಹಾಸಲು ತರಿಸುತ್ತಿದ್ದ ಪೇಪರು. ಒಂದು ಹಾಳೆಯನ್ನು ಅಂಗೈಯಿಂದ ನೇವರಿಸಿ ಸರಿಮಾಡುವಾಗ ಅದರೊಳಗಿಂದ ನಾದಿನಿ ನಕ್ಕಳು. ಬಿಳಿ ಏಪ್ರನ್, ಕೈಯಲ್ಲಿ ಕೇಕು. ಕೆಳಗೆ ಅವಳ ಮಾತು: "ನನಗೆ ಹೇಳಿಕೊಟ್ಟವರು ಯಾರೂ ಇಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇದರ ಗಂಧಗಾಳಿ ಇರಲಿಲ್ಲ. ಎಲ್ಲ ಅಳತೆಗಳನ್ನೂ ನಾನೊಬ್ಬಳೇ ಕೂತು ಕಂಡುಹಿಡಿದೆ."

ತಕ್ಕಡಿ ಮೂರು ಸಲ ಓದಿದಳು. ಆಮೇಲೆ ಹಾಳೆಯನ್ನು ತಟ್ಟೆಗೆ ಹಾಸಿ, ಅದರ ಮೇಲೆ ಆಗಷ್ಟೇ ತೆಗೆದ ಬಿಸಿ ಬನ್ನುಗಳನ್ನು ಸಾಲಾಗಿ ಜೋಡಿಸಿದಳು. ಜಿಡ್ಡು ಹೀರಿ ನಾದಿನಿಯ ಮುಖ ನಿಧಾನವಾಗಿ ಕರಗಿ, ಹಿಂದಿನ ಪುಟದ ಚಪ್ಪಲಿ ಜಾಹೀರಾತು ಕಾಣತೊಡಗಿತು.

ಒಂದು ಸಲ ನೇರವಾಗಿಯೇ ಕೇಳಿ ನೋಡಿದಳು. ಏನೂ ಬಚ್ಚಿಟ್ಟುಕೊಳ್ಳುವ ಹೆಂಗಸಲ್ಲ ಅವಳು, ಆಗಿನ್ನೂ.

"ಪೇಪರಲ್ಲಿ ಏನೇನೋ ಹಾಕಿದ್ದಾರಲ್ಲೇ?"

"ಅಯ್ಯೋ ಅತ್ತಿಗೆ, ಪೇಪರಿನವರು ಬರ್ಕೊಳ್ತಾರೆ. ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ."

"ಹಚ್ಕೊಳ್ಳಲ್ಲ. ಕ್ಲಾಸಲ್ಲಿ ಒಂದ್ಸಲ ಹೇಳ್ಬಿಡು, ಯಾರ ಹತ್ರ ಕಲಿತೆ ಅಂತ. ಸಾಕು."

"ಹೇಳ್ಬಹುದು ಅತ್ತಿಗೆ. ಆದ್ರೆ ಬೇಕರಿ ಹಿಂದಿನ ಕೋಣೇಲಿ, ತೂಕ ಹಾಕೋರ ಹತ್ರ ಕಲಿತೆ ಅಂದ್ರೆ ಜನ..."

ಆ ಅರ್ಧ ಮಾತು ತಕ್ಕಡಿಗೆ ಪೂರ್ತಿ ಕೇಳಿಸಿತು. ಏರಿದ ಏಣಿಯನ್ನು ಒದ್ದರೆ ಒದೆಯಲಿ. ಏಣಿಯೇ ಇರಲಿಲ್ಲ, ಹಾರಿ ಬಂದೆ ಅನ್ನುತ್ತಾಳಲ್ಲ! ಆ ದಿನದಿಂದ ಅವಳಿಗೆ ಬೇಕಾದದ್ದು ಒಂದೇ. ಆ ಬಾಯಿ ಆಡಿದ ಮಾತನ್ನು ಅದೇ ಬಾಯಿ, ನಾಲ್ಕು ಜನರ ಎದುರಿಗೆ ವಾಪಸ್ಸು ತೆಗೆದುಕೊಳ್ಳಬೇಕು. ಹಿಟ್ಟು ಕಲಸುವಾಗ, ಬಸ್ಸಿಗೆ ಕಾಯುವಾಗ, ತಲೆ ಬಾಚುವಾಗ ಅದನ್ನೇ ನೆನೆದಳು. ಸೇಡು ಅಂದರೆ ಬೆಂಕಿ ಅನ್ನುತ್ತಾರೆ. ಅವಳದು ಬೆಂಕಿಯಲ್ಲ, ನಾದಿಟ್ಟ ಹಿಟ್ಟು. ಬಟ್ಟೆ ಮುಚ್ಚಿಕೊಂಡು ಒಂದು ಮೂಲೆಯಲ್ಲಿ ಸದ್ದಿಲ್ಲದೆ ಉಬ್ಬುತ್ತಿತ್ತು.

ಎಂಟು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಾದಿನಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ತಾನಾಗಿಯೇ ಬಂದಳು. ಅಣ್ಣನ ಆರೋಗ್ಯ ವಿಚಾರಿಸಿದಳು. ಅತ್ತಿಗೆ ಸೊರಗಿದ್ದಾರೆ ಎಂದಳು. ಕಿಟಕಿಯ ಪರದೆ ಚೆನ್ನಾಗಿದೆ ಎಂದಳು. ಪರದೆ ಒಂಬತ್ತು ವರ್ಷ ಹಳೆಯದು.

"ವಿಷ್ಯಕ್ಕೆ ಬಾರೇ," ಎಂದಳು ತಕ್ಕಡಿ.

"ಏನಿಲ್ಲ ಅತ್ತಿಗೆ, ಒಂದು ಸಣ್ಣ ಸಹಾಯ. ಕ್ಲಾಸಿಗೆ ಬರೋರ ಮನೇಲಿ ತೂಕದ ಮೆಷಿನ್ ಎಲ್ಲಿರುತ್ತೆ ಹೇಳಿ. ಎಲ್ಲರೂ ಕಪ್ಪಲ್ಲಿ ಹೇಳಿ, ಕಪ್ಪಲ್ಲಿ ಹೇಳಿ ಅಂತಾರೆ. ಅಳತೆ ಕಪ್ ಎಲ್ಲರ ಹತ್ರಾನೂ ಇದೆ. ಗ್ರಾಂ ಎಲ್ಲ ಕಪ್ ಮಾಡಿ ಒಂದು ಚಾರ್ಟ್ ಪ್ರಿಂಟ್ ಹಾಕಿಸ್ಬೇಕು ಅಂತಿದ್ದೀನಿ. ಮೈದಾ ಒಂದು ಕಪ್ಪಿಗೆ ಎಷ್ಟು, ಕೋಕೋ ಎಷ್ಟು, ಸಕ್ಕರೆ ಎಷ್ಟು... ನಿಮಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು."

"ಅದೇನು ಮಹಾ? ನೀನೊಬ್ಬಳೇ ಕೂತು ಕಂಡುಹಿಡಿ."

ಗಂಡನ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್ ನಿಂತಿತು. ನಾದಿನಿಯ ಮುಖ ಕೆಂಪಾಯಿತು. "ಇನ್ನೂ ಅದನ್ನೇ ಹಿಡ್ಕೊಂಡಿದ್ದೀರಾ ಅತ್ತಿಗೆ?"

ತಕ್ಕಡಿ ಅವಳನ್ನು ಒಂದು ಗಳಿಗೆ ನೋಡಿದಳು. ಒಳಗೆ ಏನೋ ಮಟ್ಟವಾಗಿ ನಿಂತಂತಾಯಿತು.

"ಸುಮ್ನೆ ತಮಾಷೆಗಂದೆ. ಮಾಡ್ಕೊಡ್ತೀನಿ, ಮೂರು ದಿನ ಬಿಟ್ಟು ಬಾ."

ಮೂರು ಮಧ್ಯಾಹ್ನ ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತಳು. ಕಪ್ಪು, ಚಮಚ, ಜರಡಿ, ಚಾಕು, ತೂಕದ ಯಂತ್ರ. ಮೈದಾವನ್ನು ಮೊದಲು ಜರಡಿ ಹಿಡಿದಳು. ಚಮಚದಲ್ಲಿ ತುಸುತುಸುವೇ ಎತ್ತಿ, ಕಪ್ಪಿನ ಮೇಲಿಂದ ಉದುರಿಸಿ, ರಾಶಿಯಾಗುವವರೆಗೆ ತುಂಬಿದಳು. ಕುಲುಕಲಿಲ್ಲ, ತಟ್ಟಲಿಲ್ಲ. ಚಾಕುವಿನ ಬೆನ್ನನ್ನು ಕಪ್ಪಿನ ಬಾಯಿಯ ಮೇಲೆ ಎಳೆದು ಮಟ್ಟ ಮಾಡಿದಳು. ನೂರ ಇಪ್ಪತ್ತು ಗ್ರಾಂ. ಐದು ಸಲ ಮಾಡಿದರೂ ಒಂದೆರಡು ಗ್ರಾಂ ಹೆಚ್ಚುಕಮ್ಮಿ ಅಷ್ಟೇ. ಕೋಕೋ ಎಂಬತ್ತೈದು. ಹರಳು ಸಕ್ಕರೆ ಇನ್ನೂರು. ಕಂದು ಸಕ್ಕರೆಯನ್ನು ಮಾತ್ರ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು; ಇನ್ನೂರ ಇಪ್ಪತ್ತು. ಅಷ್ಟು ಶ್ರದ್ಧೆಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಬರೆಯಲು ಕೂತಾಗ ಕೈ ಅಭ್ಯಾಸದಂತೆ ಹಾಳೆಯ ಮೇಲ್ತುದಿಗೆ ಹೋಯಿತು. ಯಾವುದೇ ಪಟ್ಟಿಗೆ ಮೊದಲ ಸಾಲು ಅದೇ ತಾನೇ: ಹೇಗೆ ತುಂಬಬೇಕು. "ಜ" ಎಂದು ಬರೆದಳು, ಜರಡಿಯ ಜ. ಅಲ್ಲಿಗೆ ನಿಲ್ಲಿಸಿದಳು.

ಆ ಹಾಳೆಯನ್ನು ಮಡಚಿ ಒಲೆಗೆ ಹಾಕಿ, ಹೊಸ ಹಾಳೆ ತೆಗೆದು, ಮೇಲೆ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಟ್ಟು, ನೇರ ಅಂಕಿಗಳಿಂದ ಶುರುಮಾಡಿದಳು. ಮೈದಾ ಇನ್ನೂರ ನಲವತ್ತು ಗ್ರಾಂ, ಎರಡು ಕಪ್. ಒಂದೇ ಒಂದು ಸುಳ್ಳು ಅಂಕಿ ಇರಲಿಲ್ಲ ಅದರಲ್ಲಿ. ಮನೆಯ ಹೆಂಗಸೊಬ್ಬಳು ಹಿಟ್ಟಿನ ಡಬ್ಬಿಗೆ ಕಪ್ಪನ್ನು ಅದ್ದಿ, ತುಂಬಲಿ ಎಂದು ಎರಡು ಸಲ ಕುಟ್ಟಿ ಎತ್ತುತ್ತಾಳೆ. ಒಂದು ಕಪ್ಪಿಗೆ ಮೂವತ್ತೈದು ಗ್ರಾಂ ಜಾಸ್ತಿ. ಎರಡು ಕಪ್ಪಿಗೆ ಎಪ್ಪತ್ತು. ಎಪ್ಪತ್ತು ಗ್ರಾಂ ಹೆಚ್ಚಿನ ಹಿಟ್ಟನ್ನು ಹೊತ್ತುಕೊಂಡು ಯಾವ ಕೇಕೂ ಮೇಲೇಳುವುದಿಲ್ಲ. ಹಾವು ಸಾಯಬೇಕು, ಕೋಲು ಮುರಿಯಬಾರದು.

"ಮೇಲೆ ಅಷ್ಟು ಜಾಗ ಯಾಕೆ ಬಿಟ್ಟಿದ್ದೀಯ?" ಎಂದ ಗಂಡ, ನೀರು ಕುಡಿಯಲು ಬಂದವನು.

"ನಿಮ್ಮ ತಂಗಿ ಹೆಸರು ಹಾಕ್ಕೊಳ್ಳಲಿ ಅಂತ."

"ದೊಡ್ಡ ಮನಸ್ಸು ಕಣೇ ನಿಂದು," ಎಂದ ಅವನು, ನಿಜವಾಗಿಯೂ ನಂಬಿ.

ಹಾಗೇ ಆಯಿತು. ಹೊಳೆಯುವ ಕಾಗದದಲ್ಲಿ ಚಾರ್ಟು ಅಚ್ಚಾಗಿ ಬಂತು. ಆ ನಾಲ್ಕು ಬೆರಳು ಜಾಗದಲ್ಲಿ ಕೆಂಪು ಅಕ್ಷರದಲ್ಲಿ ನಾದಿನಿಯ ಹೆಸರು, ಪಕ್ಕದಲ್ಲಿ ಏಪ್ರನ್ ಹಾಕಿದ ಅದೇ ಫೋಟೋ.

ನಾದಿನಿಗೆ ತಪ್ಪು ಗೊತ್ತಾಗುವ ದಾರಿಯೂ ಇರಲಿಲ್ಲ. ಕ್ಲಾಸಿಗೆ ಮುಂಚೆ ಒಳಗಿನ ಕೋಣೆಯಲ್ಲಿ ಯಂತ್ರದ ಮೇಲೆ ಹಿಟ್ಟು ತೂಗಿ, ಕಪ್ಪುಗಳಿಗೆ ಸುರಿದಿಟ್ಟುಕೊಂಡು ಮೇಜಿಗೆ ತರುತ್ತಿದ್ದಳು. ಅವಳ ಕೇಕು ಉಬ್ಬುತ್ತಿತ್ತು. ಮನೆಗೆ ಹೋಗಿ ಮಾಡಿದವರದ್ದು ಉಬ್ಬುತ್ತಿರಲಿಲ್ಲ. "ನಿಮ್ಮ ಓವನ್ ಸರಿಯಿಲ್ಲ," ಎನ್ನುತ್ತಿದ್ದಳು. ಓವನ್ ಹೊಸದಾಗಿದ್ದರೆ "ಕೈಗುಣ ಅಂತ ಒಂದಿರುತ್ತೆ" ಎನ್ನುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಸಲಾರದವಳು ಅಂದಳು, ಅಷ್ಟೇ ವ್ಯತ್ಯಾಸ.

ಬೇಕರಿಯಲ್ಲಿ ಸಾದಾ ಕೇಕಿಗೆ ಇದ್ದಕ್ಕಿದ್ದಂತೆ ಗಿರಾಕಿ ಹೆಚ್ಚಿತು. ಹೆಂಗಸರು ಚೀಲದೊಳಗಿಂದ ಮನೆಯ ತಟ್ಟೆ ತೆಗೆದು, "ಡಬ್ಬಿ ಬೇಡ, ಇದಕ್ಕೇ ಹಾಕ್ಕೊಡಿ," ಎಂದು ಮೆಲ್ಲಗೆ ಹೇಳುತ್ತಿದ್ದರು.

"ತಕ್ಕಡಕ್ಕಾ," ಎಂದು ಕೌಂಟರಿನವನು ಒಳಗೆ ಇಣುಕಿ ಹೇಳಿದ, "ಊರಿಗೆಲ್ಲ ತಟ್ಟೆ ರೋಗ ಬಂದಂಗಿದೆ!"

ತಕ್ಕಡಿ ನಗಲಿಲ್ಲ. ಆದರೆ ಆ ದಿನ ಕೆಲಸ ಮಾಡುವಾಗ ಅವಳ ಬಾಯಲ್ಲಿ ಯಾವುದೋ ರಾಗ ಇತ್ತೆಂದು ಆಮೇಲೆ ಅವನೇ ಹೇಳಿದ. ಅವಳ ಲೆಕ್ಕ ಸರಳವಾಗಿತ್ತು: ಇಂದಲ್ಲ ನಾಳೆ ನಾದಿನಿ ಓಡಿಬರುತ್ತಾಳೆ. ಹೇಳಿಕೊಡಿ ಅತ್ತಿಗೆ ಎನ್ನುತ್ತಾಳೆ. ಆಗ ತಾನು, ಮೊದಲು ನೀನು ಹೇಳು ಎನ್ನುವುದು.

ನಾದಿನಿ ಬರಲಿಲ್ಲ. ಬಂದವಳು ಹೊಲಿಗೆಯವಳು.

ಬಸ್ ನಿಲ್ದಾಣದ ಎದುರು ಬಟ್ಟೆ ಹೊಲಿಯುವ ಹೆಂಗಸು, ಕುತ್ತಿಗೆಯಲ್ಲಿ ಸದಾ ಅಳತೆ ಟೇಪು. ಕ್ಲಾಸಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಟ್ಟಿಯನ್ನು ಕೌಂಟರಿನ ಮೇಲೆ ಇಟ್ಟಳು. "ಒಳಗಿರೋ ಅಕ್ಕ ಬಹಳ ವರ್ಷದ ಅನುಭವಸ್ಥರು ಅಂದ್ರು. ಇದನ್ನ ಒಂದ್ಸಲ ನೋಡ್ತಾರಾ? ಐದನೇ ಸಲ ಮಾಡಿದ್ದು. ಬರೋ ವಾರ ಮಗಳ ಹುಟ್ಟುಹಬ್ಬ. ಅಂಗಡೀದು ಬೇಡ, ಅಮ್ಮ ಮಾಡಿದ್ದೇ ಬೇಕು ಅಂತಾಳೆ."

ತಕ್ಕಡಿ ಅದನ್ನು ಕೈಗೆತ್ತಿಕೊಂಡಳು. ಎತ್ತಿದ ಕೂಡಲೇ ತಿಳಿಯಿತು. ನೆತ್ತಿ ಬಿರಿದಿತ್ತು, ಒಳಗೆ ಒಣ ಹಿಟ್ಟಿನ ಗಂಟು. ಎಪ್ಪತ್ತು ಗ್ರಾಂ ಜಾಸ್ತಿ. ಕಣ್ಣು ಮುಚ್ಚಿ ಹೇಳಬಹುದಿತ್ತು.

"ಏನು ತಪ್ಪಾಗ್ತಿದೆ ಅಕ್ಕ? ಓವನ್ನಾ?"

ಒಂದು ಮಾತು. ಕಪ್ಪನ್ನು ಹೇಗೆ ತುಂಬುತ್ತೀರಿ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದ್ದರೆ ಆ ಮಾತು ಸಂಜೆಯೊಳಗೆ ಮೂರು ಬೀದಿ ದಾಟಿ ನಾದಿನಿಯ ಮೇಜಿಗೆ ತಲುಪಿ, ನಾಳೆಯೇ ಅವಳು ಅದನ್ನೂ ತಾನೊಬ್ಬಳೇ ಕಂಡುಹಿಡಿದದ್ದು ಎನ್ನುತ್ತಿದ್ದಳು.

"ಇರಬಹುದು," ಎಂದಳು ತಕ್ಕಡಿ, ಅವಳ ಮುಖ ನೋಡದೆ. "ಓವನ್ನೇ ಇರಬಹುದು."

ಹೊಲಿಗೆಯವಳು ಕೃತಜ್ಞತೆಯಿಂದ ತಲೆಯಾಡಿಸಿ ಹೋದಳು. ಓವನ್ ಬಿಚ್ಚಿಸಿ ರಿಪೇರಿ ಮಾಡಿಸಿದಳೆಂದು ಕೌಂಟರಿನವನು ಆಮೇಲೆ ಹೇಳಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬರೆ ಹಾಕಿದ್ದು ಯಾರು ಎಂದು ತಕ್ಕಡಿಗೆ ಗೊತ್ತಿತ್ತು. ಆ ದಿನ ಬಾಯಲ್ಲಿ ರಾಗ ಇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಇಷ್ಟು ದೂರ ಬಂದಾಗಿದೆ, ಅಂದುಕೊಂಡಳು.

ಕ್ಲಾಸಿಗೆ ಎರಡು ವರ್ಷ ತುಂಬಿದ್ದಕ್ಕೆ ನಾದಿನಿ ಶಾಲೆಯ ಹಾಲ್ ಹಿಡಿದು ಒಂದು ಶನಿವಾರ ಬೆಳಿಗ್ಗೆ ಪ್ರದರ್ಶನ ಇಟ್ಟಳು. ಕಲಿತವರೆಲ್ಲ ಚಾರ್ಟಿನ ಅಳತೆಯಲ್ಲೇ ಮನೆಯಲ್ಲಿ ಮಾಡಿ ತರಬೇಕು. ಅಣ್ಣನಿಗೂ ಅತ್ತಿಗೆಗೂ ಮುಂದಿನ ಸಾಲಿನ ಕುರ್ಚಿ. ತಕ್ಕಡಿ ಒಳ್ಳೆಯ ಬಟ್ಟೆ ಉಟ್ಟು, ಹತ್ತು ನಿಮಿಷ ಮುಂಚೆಯೇ ಹೋಗಿ ಕೂತಳು. ಬೆಳೆ ನೋಡಲು ಹೋಗುವವರ ಹಾಗೆ. ಮಾಡಿ ತೋರಿಸಲು ಹಿಟ್ಟು, ಕಪ್ಪು, ಜರಡಿ ಮೇಜಿನ ಮೇಲೆ ಜೋಡಿಸುತ್ತಿದ್ದ ನಾದಿನಿ, ತೂಕದ ಮೆಷಿನ್ನಿನ ಡಬ್ಬವನ್ನು ಅದರ ಕೆಳಗೆ ತಳ್ಳಿದ್ದು ಅವಳಿಗೆ ಕಂಡಿತು.

ಬೆಂಚುಗಳ ಮೇಲೆ ಮೂವತ್ತೈದು ಕೇಕುಗಳು. ಕೆಲವನ್ನು ಕ್ರೀಮಿನಿಂದ ಮುಚ್ಚಿದ್ದರು, ಕೆಲವಕ್ಕೆ ಚೆರ್ರಿ ಇಟ್ಟು ಸಮಾಧಾನ ಮಾಡಿದ್ದರು. ಏನು ಮಾಡಿದರೂ ಮನೆ ಕಟ್ಟಲು ತಂದು ಇಳಿಸಿದ ಇಟ್ಟಿಗೆಯಂತೆ ಕಾಣುತ್ತಿದ್ದವು. ಮೂರು ನಾಲ್ಕು ಚೆನ್ನಾಗಿದ್ದವು. ಅವು ಯಾವ ಒಲೆಯಿಂದ ಬಂದವೆಂದು ತಕ್ಕಡಿಗೆ ಗೊತ್ತಿತ್ತು, ನಿನ್ನೆ ತಾನೇ ತಟ್ಟೆಗೆ ಹಾಕಿಕೊಟ್ಟದ್ದು. ನಡುವೆ ಎತ್ತರದ ಪೀಠದ ಮೇಲೆ ನಾದಿನಿಯ ಕೇಕು, ರೇಷ್ಮೆ ದಿಂಬಿನಂತೆ.

ನಾದಿನಿ ಮಾತು ಶುರುಮಾಡುವ ಮೊದಲೇ ಹೊಲಿಗೆಯವಳು ಎದ್ದು ನಿಂತಳು.

"ಮೇಡಂ, ಒಂದು ಮಾತು. ಓವನ್ ರಿಪೇರಿ ಮಾಡಿಸಿದೆ. ಹೊಸ ಮೈದಾ ತಂದೆ. ಇದು ಒಂಬತ್ತನೇದು. ಮಗಳ ಹುಟ್ಟುಹಬ್ಬ ಬಂತು, ಹೋಯ್ತು. ನಿಮ್ಮ ಚಾರ್ಟ್‌ನ ಅಕ್ಷರ ಬಿಡದೆ ಪಾಲಿಸಿದ್ದೀನಿ. ಇದನ್ನ ನೋಡಿ." ತನ್ನ ಕೇಕನ್ನು ಮೇಜಿನ ಮೇಲೆ ಬಿಟ್ಟಳು. ಸದ್ದಾಯಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಹೇಳಿದ್ನಲ್ಲ, ಕೈಗುಣ ಅಂತ..."

"ಮೂವತ್ತು ಜನರ ಕೈಗುಣಾನೂ ಒಟ್ಟಿಗೆ ಕೆಟ್ಟಿದ್ಯಾ ಮೇಡಂ?"

ಹಾಲಿನಲ್ಲಿ ಗುಸುಗುಸು ಎದ್ದಿತು. "ನಂದೂ ಹಾಗೇ," "ನಂದು ನಾಯಿ ಕೂಡ ಮೂಸಲಿಲ್ಲ," ಎಂಬ ದನಿಗಳು. ನಾದಿನಿಯ ಕಣ್ಣು ಗೋಡೆಯಿಂದ ಗೋಡೆಗೆ ಓಡಿ, ಮುಂದಿನ ಸಾಲಿಗೆ ಬಂದು ನಿಂತಿತು.

"ನೋಡಿ, ಚಾರ್ಟ್ ನಾನು ಬರೆದದ್ದಲ್ಲ. ನಮ್ಮ ಅತ್ತಿಗೆ ಬರೆದುಕೊಟ್ಟದ್ದು. ಇಲ್ಲೇ ಕೂತಿದ್ದಾರೆ. ತಪ್ಪಿದ್ರೆ ಅವರದ್ದು."

ಎಷ್ಟೋ ಬಗೆಯಲ್ಲಿ ಈ ಗಳಿಗೆಯನ್ನು ಊಹಿಸಿಕೊಂಡಿದ್ದಳು ತಕ್ಕಡಿ. ತನ್ನ ಹೆಸರು ಹೀಗೆ ಬರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ. ಒಳ್ಳೆಯದೆಲ್ಲ ಅವಳೊಬ್ಬಳೇ ಕಂಡುಹಿಡಿದದ್ದು, ತಪ್ಪು ಮಾತ್ರ ಅತ್ತಿಗೆಯದು! ಗಂಡ ಅವಳ ಮೊಣಕೈ ಹಿಡಿದ. ಬಿಡಿಸಿಕೊಂಡು ಎದ್ದು ಮೇಜಿನ ಬಳಿಗೆ ಹೋದಳು.

"ಹೌದು. ನಾನೇ ಬರೆದದ್ದು," ಎಂದಳು. "ಆ ಮೇಜಿನ ಕೆಳಗೆ ಡಬ್ಬದಲ್ಲಿ ನಿನ್ನ ತೂಕದ ಮೆಷಿನ್ ಇದೆಯಲ್ಲ, ತೆಗಿ."

ಮೇಡಂ ಹತ್ತಿರ ಮೆಷಿನ್ ಇದೆಯೇ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಕ್ಕಡಿ ಹೊಲಿಗೆಯವಳ ಕೈಗೆ ಕಪ್ಪು ಕೊಟ್ಟಳು. "ಮನೇಲಿ ಹೇಗೆ ತುಂಬ್ತೀರೋ ಹಾಗೇ ತುಂಬಿ." ಹೊಲಿಗೆಯವಳು ಹಿಟ್ಟಿನ ಡಬ್ಬಿಗೆ ಕಪ್ಪು ಅದ್ದಿ, ಎರಡು ಸಲ ಕುಟ್ಟಿ, ಅಂಗೈಯಿಂದ ಸವರಿ ಕೊಟ್ಟಳು. ನೂರ ಐವತ್ತಾರು. ಆಮೇಲೆ ತಕ್ಕಡಿ ಅದೇ ಹಿಟ್ಟನ್ನು ಜರಡಿ ಹಿಡಿದು, ಚಮಚದಿಂದ ಉದುರಿಸಿ, ಚಾಕುವಿನ ಬೆನ್ನೆಳೆದು ಇಟ್ಟಳು. ನೂರ ಇಪ್ಪತ್ತು.

"ಅಂಕಿ ತಪ್ಪಿಲ್ಲ. ತುಂಬೋ ರೀತಿ ಬರೆದಿಲ್ಲ, ಅಷ್ಟೇ."

"ಯಾಕೆ ಬರೀಲಿಲ್ಲ?" ನಾದಿನಿಯ ದನಿ ಚೀರಿತು.

"ಎಲ್ಲ ಅಳತೆ ನೀನೊಬ್ಬಳೇ ಕೂತು ಕಂಡುಹಿಡಿದವಳಲ್ವಾ? ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ." ತಕ್ಕಡಿಯ ದನಿ ಏರಲೇ ಇಲ್ಲ. "ಹೋಗ್ಲಿ, ಈಗ ಹೇಳು. ಕಂದು ಸಕ್ಕರೆ ಕಪ್ಪಿಗೆ ಹೇಗೆ ತುಂಬ್ಬೇಕು?"

ನಾದಿನಿ ಚಾರ್ಟಿನ ಕಡೆ ನೋಡಿದಳು.

"ಕೋಕೋ?"

"ಗೊತ್ತಿಲ್ಲ."

"ಯಾಕೆ ಗೊತ್ತಿಲ್ಲ?"

"ನೀವು ಅದನ್ನ ಹೇಳ್ಕೊಟ್ಟಿಲ್ಲ ಅತ್ತಿಗೆ," ಎಂದಳು ನಾದಿನಿ, ಸಿಟ್ಟಿನಲ್ಲಿ, ಯೋಚಿಸದೆ. ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು.

"ಹಾಗಾದ್ರೆ ಉಳಿದದ್ದು?"

"...ನೀವೇ ಹೇಳ್ಕೊಟ್ಟದ್ದು."

"ನಂಗಲ್ಲ. ಅವರಿಗೆ ಹೇಳು."

ನಾದಿನಿ ಹೆಂಗಸರ ಕಡೆ ತಿರುಗಿದಳು. "ನಂಗೆ ಎಲ್ಲ ಕಲಿಸಿದ್ದು ನಮ್ಮ ಅತ್ತಿಗೆ. ಬೇಕರಿ ಹಿಂದಿನ ಕೋಣೇಲಿ. ಅಳತೆಗಳೆಲ್ಲ ಅವರದ್ದೇ. ನಾನು ಯಾವುದನ್ನೂ ಕಂಡುಹಿಡಿದಿಲ್ಲ." ಕೊನೆಯ ಮಾತಿಗೆ ಅಳು ಬಂತು. ಈ ಸಲದ ಕಣ್ಣೀರು ನಿಜದ್ದು.

ಸೇಡು ತೀರಿಸಿಕೊಂಡವರಿಗೆ ಬಾಯಿ ಕಹಿಯಾಗುತ್ತದೆ ಎನ್ನುತ್ತಾರೆ. ತಕ್ಕಡಿಗೆ ಹಾಗೇನೂ ಆಗಲಿಲ್ಲ. ಅದು ಅವಳಂದುಕೊಂಡಷ್ಟೇ ಸಿಹಿಯಾಗಿತ್ತು, ಒಂದು ಗ್ರಾಂ ಕೂಡ ಕಡಿಮೆ ಇರಲಿಲ್ಲ. ಬೆನ್ನು ನೇರ ಮಾಡಿಕೊಂಡು ಇಡೀ ಹಾಲನ್ನು ನೋಡಿದಳು.

ಆಗ ಹೊಲಿಗೆಯವಳು ಕೇಳಿದಳು, "ಬೇಕು ಅಂತ್ಲೇ ಬರೀಲಿಲ್ವಾ ನೀವು?"

"ಹೌದು."

"ನಾನು ಬೇಕರಿಗೆ ಬಂದು ಕೇಳಿದೆ. ಅವತ್ತು ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ಗೊತ್ತಿತ್ತು."

ಹೊಲಿಗೆಯವಳು ತನ್ನ ಕೇಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು. ಒಳಗೆ ಹೆಂಗಸರು ತಕ್ಕಡಿಯನ್ನು ಸುತ್ತುವರಿದಿದ್ದರು. "ಅಕ್ಕ, ಕೋಕೋ ಹೇಗೆ?" "ಅಕ್ಕ, ಬೇಕಿಂಗ್ ಪೌಡರ್?" ಎಷ್ಟೋ ದಿನದಿಂದ ಕಾದಿದ್ದ ಪ್ರಶ್ನೆಗಳು. ಒಂದಕ್ಕೂ ಉತ್ತರಿಸದೆ ಅವರನ್ನು ಸರಿಸಿಕೊಂಡು ತಕ್ಕಡಿ ಮೆಟ್ಟಿಲಿಳಿದಳು.

ಹೊಲಿಗೆಯವಳು ಗೇಟಿನ ಹತ್ತಿರ ತಲುಪಿದ್ದಳು.

"ನಿಲ್ಲಿ. ಹೇಗೆ ತುಂಬ್ಬೇಕು ಅಂತ ಹೇಳ್ತೀನಿ. ಮೊದಲು ಜರಡಿ..."

"ಬಾಯಲ್ಲಿ ಹೇಳ್ಬೇಡಿ. ನಿಮ್ಮ ಬಾಯಿ ನಾನು ನಂಬಲ್ಲ. ಬರ್ಕೊಡಿ."

ಹೊಲಿಗೆಯವಳೇ ಚೀಲದಿಂದ ಚಾರ್ಟು ತೆಗೆದುಕೊಟ್ಟಳು, ಕಿವಿಯ ಹಿಂದಿನ ಪೆನ್ಸಿಲನ್ನೂ. ತಕ್ಕಡಿ ಗೇಟಿನ ಕಂಬಕ್ಕೆ ಕಾಗದ ಆನಿಸಿ, ಹಿಂಬದಿಯಲ್ಲಿ ಬರೆದಳು. ಜರಡಿ ಹಿಡಿಯಿರಿ. ಚಮಚದಿಂದ ತುಂಬಿ. ಕುಲುಕಬೇಡಿ, ಕುಟ್ಟಬೇಡಿ. ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಕಂದು ಸಕ್ಕರೆ ಮಾತ್ರ ಒತ್ತಿ.

ಹೊಲಿಗೆಯವಳು ಎರಡು ಸಲ ಓದಿದಳು. "ಇಷ್ಟೇನಾ?"

"ಇಷ್ಟೇ."

"ಇಷ್ಟಕ್ಕೆ ಒಂಬತ್ತು ಸಲ ಕುಣಿಸಿದ್ರಿ ನನ್ನನ್ನ. ನಿಮ್ಮಿಬ್ಬರ ಮನೆ ಜಗಳಕ್ಕೆ."

ತಕ್ಕಡಿ ಪೆನ್ಸಿಲನ್ನು ವಾಪಸ್ಸು ಕೊಟ್ಟಳು.

ಹೊಲಿಗೆಯವಳು ಬಟ್ಟೆ ಬಿಚ್ಚಿ ಕೇಕನ್ನು ಅವಳ ಕೈಗಿಟ್ಟಳು. "ತಗೊಳ್ಳಿ. ಇಂಥವು ಎಂಟನ್ನ ನಮ್ಮನೇಲಿ ತಿಂದಿದ್ದೀವಿ. ಎಸೆಯೋಕೆ ಮನಸ್ಸು ಬರ್ದೆ, ಹಾಲಲ್ಲಿ ಅದ್ದಿ ಅದ್ದಿ. ಇದು ನಿಮ್ಮ ಪಾಲು. ಇಲ್ಲೇ ತಿನ್ನಿ."

ತಕ್ಕಡಿ ಗೇಟಿನಿಂದ ಹಿಂದಿರುಗಿ ಶಾಲೆಯ ಮೆಟ್ಟಿಲ ಮೇಲೆ ಕೂತಳು. ಒಳಗಿನಿಂದ ನಾದಿನಿಯ ಬಿಕ್ಕು, ಗಂಡನ ಸಮಾಧಾನದ ದನಿ, ಕುರ್ಚಿಗಳ ಸದ್ದು ಬರುತ್ತಿತ್ತು. ಒಂದು ತುಂಡು ಮುರಿಯಲು ಎರಡೂ ಕೈ ಬೇಕಾಯಿತು. ಬಾಯಿಗಿಟ್ಟರೆ ನಾಲಿಗೆಯ ನೀರೆಲ್ಲ ಹೀರಿಕೊಂಡು ಅಂಗುಳಿಗೆ ಅಂಟಿತು. ಅಗಿದಳು. ಗಂಟಲಲ್ಲಿ ನಿಂತದ್ದನ್ನು ಕತ್ತು ಎತ್ತಿ ಇಳಿಸಿದಳು.

ಹಿಂದೆಯೇ ಬಂದಿದ್ದ ಹೊಲಿಗೆಯವಳು ಕೈಕಟ್ಟಿಕೊಂಡು ಎದುರಿಗೆ ನಿಂತಿದ್ದಳು. ಹೋಗುವ ಅವಸರ ಅವಳಿಗೆ ಇದ್ದಂತೆ ಕಾಣಲಿಲ್ಲ. ತಕ್ಕಡಿ ಎರಡನೆಯ ತುಂಡು ಮುರಿದಳು.